ಕಾಕಾ ಕೂರದ ರೈಲು

ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ನಮ್ಮ ಕಾಕಾನಿಗೆ, ಎಂದರೆ ಅಪ್ಪನ ತಮ್ಮನಿಗೆ, ತೊಟ್ಟಿಲಿನ ಹುಚ್ಚು. ಕೂಸು ಮಲಗಿಸುವ ತೊಟ್ಟಿಲಲ್ಲ, ಆಳಂದದ ಉರುಸಿಗೆ ಲಾರಿಯಲ್ಲಿ ಬಂದಿಳಿಯುವ, ಜನರನ್ನು ಕೂರಿಸಿಕೊಂಡು ಗಿರಗಿರ ತಿರುಗುವ ಕಬ್ಬಿಣದ ದೊಡ್ಡ ತೊಟ್ಟಿಲು. ನಮ್ಮೂರು ಕಿಣ್ಣಿ ಸುಲ್ತಾನದಲ್ಲಿ ಅವನಿಗೆ ಸೈಕಲ್ ರಿಪೇರಿ ಅಂಗಡಿ ಇತ್ತು. ಉರುಸು ಬಂತೆಂದರೆ ಅಂಗಡಿಗೆ ಬೀಗ. ತೊಟ್ಟಿಲು ಜೋಡಿಸುವುದನ್ನು ನೋಡುವುದಕ್ಕೆ ಒಂದು ದಿನ, ಕೂರುವುದಕ್ಕೆ ಇನ್ನೊಂದು ದಿನ. ಯಾವುದರ ಬೇರಿಂಗ್ ಸವೆದಿದೆ, ಯಾವುದಕ್ಕೆ ಗ್ರೀಸ್ ಹಾಕಿಲ್ಲ ಎಂಬುದನ್ನು ಕೆಳಗೆ ನಿಂತು ಬರೀ ಸಪ್ಪಳ ಕೇಳಿ ಹೇಳುತ್ತಿದ್ದ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹತ್ತು ವರ್ಷದ ಹುಡುಗಿ. ಆ ಸಲದ ಉರುಸಿನಲ್ಲಿ ಸೊಲ್ಲಾಪುರದ ಕಡೆಯ ಒಬ್ಬ ಫಿಟ್ಟರ್ ಕಾಕಾನಿಗೆ ಹೇಳಿದನಂತೆ: "ಬರೋ ವರ್ಷ ರೈಲು ತರ್ತೀವ್ರಿ. ಹಳಿ ಮ್ಯಾಲ ಏರ್ತದ, ಏರಿ ಜರ್ರಂತ ಇಳೀತದ." ಅಷ್ಟೇ ಮಾತು. ಆ ಒಂದು ಮಾತನ್ನು ಕಾಕಾ ವರ್ಷವಿಡೀ ಬೆಳೆಸಿದ.

ಸಂಜೆ ಅಂಗಡಿ ಮುಂದಿನ ಕಟ್ಟೆಗೆ ಓಣಿಯ ಮಕ್ಕಳೆಲ್ಲ ಸೇರುತ್ತಿದ್ದೆವು. ಕಾಕಾ ಮಣ್ಣಿನಲ್ಲಿ ಬೆರಳಿಂದ ಹಳಿ ಬರೆಯುತ್ತಿದ್ದ. ಇಲ್ಲಿ ಏರು, ಇಲ್ಲಿ ಇಳಿವು, ಇಲ್ಲಿ ಹಾವಿನ ಹಾಗೆ ಡೊಂಕು. ಒಬ್ಬನು ಅದು ನಮ್ಮ ಶಾಲೆಗಿಂತ ಎತ್ತರ ಇರುತ್ತದೆ ಎಂದರೆ, ಇನ್ನೊಬ್ಬಳು ದರ್ಗಾದ ಗುಮ್ಮಟಕ್ಕಿಂತ ಎತ್ತರ ಎನ್ನುತ್ತಿದ್ದಳು. ತಲೆಕೆಳಗಾಗಿ ಓಡುತ್ತದೋ ಇಲ್ಲವೋ ಎಂಬುದರ ಮೇಲೆ ಎರಡು ಪಕ್ಷಗಳಾಗಿ ಮೂರು ದಿನ ಮಾತು ಬಿಟ್ಟಿದ್ದೆವು. ನಮ್ಮ ಆಯಿ, ಅಪ್ಪನ ತಾಯಿ, ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಕೂಸು ಹುಟ್ಟೂಕಿಂತ ಮೊದ್ಲ ಕುಲಾಯಿ ಹೊಲೀರಿ," ಎನ್ನುವಳು. ಮತ್ತೆ ಮಗನತ್ತ ತಿರುಗಿ, "ಕೊರಳಾಗ ಲಿಂಗ ಕಟ್ಕೊಂಡು ತಲಿಕೆಳಗ ಜೋತಾಡ್ತೀಯೇನಲೇ?" ಎಂದು ಗದರಿಸುವಳು. "ಶಿವದಾರ ಗಟ್ಟಿ ಅದ ಬಿಡವಾ," ಎನ್ನುತ್ತಿದ್ದ ಕಾಕಾ.

ಆದರೆ ಕಾಕಾನ ಕಣ್ಣು ಗಟ್ಟಿ ಇರಲಿಲ್ಲ. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರ ನರ ಒಣಗುತ್ತಿದೆ, ಏನೂ ಮಾಡಲಾಗದು ಎಂದು ಗುಲ್ಬರ್ಗದ ಡಾಕ್ಟರು ಹೇಳಿ ಕಳಿಸಿದ್ದರು. ಪಂಕ್ಚರನ್ನು ಅವನು ಟ್ಯೂಬಿಗೆ ಕೆನ್ನೆ ಹಚ್ಚಿ, ಗಾಳಿ ತಾಕಿದ ಕಡೆ ಬೆರಳಿಟ್ಟು ಹುಡುಕುತ್ತಿದ್ದ. ಒಂದು ದಿನ ನನ್ನನ್ನು ಹತ್ತಿರ ಕರೆದು ಹೇಳಿದ: "ಬರೋ ಉರುಸಿನ ಹೊತ್ತಿಗಿ ಬೆಳಕು, ಕತ್ತಲಿ ಇಷ್ಟ ತಿಳೀತದ. ನೀ ನನ್ನ ಬಾಜೂಕ ಕೂಡು. ಏರು ಬಂದ್ರ ಏರು ಅನ್ನು, ಇಳಿವು ಬಂದ್ರ ಇಳಿವು ಅನ್ನು. ನಾ ಹೊಟ್ಟ್ಯಾಗ ನೋಡ್ಕೋತೀನಿ." ನಾನು ಹೂಂ ಎಂದೆ. ಬಾಯಿ ಬಡಾಯಿಗೆ ನನ್ನಲ್ಲೇನೂ ಕಡಿಮೆ ಇರಲಿಲ್ಲ.

ಅದಕ್ಕೆ ತಾಲೀಮು ಬೇರೆ ನಡೆಯಿತು. ಹಳ್ಳದ ಇಳಿಜಾರಿನಲ್ಲಿ ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ನನ್ನನ್ನು ಕೂರಿಸಿಕೊಂಡು ಪೆಡಲಿನಿಂದ ಕಾಲು ತೆಗೆದುಬಿಡುತ್ತಿದ್ದ. "ಇಳಿವು, ಕಲ್ಲು, ಎಡಕ್ಕ, ಎಮ್ಮಿ" ಎಂದು ನಾನು ಕೂಗುತ್ತಿದ್ದೆ. ಒಮ್ಮೆ ಎಮ್ಮೆ ಎನ್ನುವುದು ತಡವಾಗಿ ಇಬ್ಬರೂ ಜಾಲಿಕಂಟಿಯಲ್ಲಿ ಬಿದ್ದೆವು. ಮುಳ್ಳು ಕೀಳುತ್ತಾ ಅವನು ನಕ್ಕಿದ್ದೇ ನಕ್ಕಿದ್ದು. ನನಗೆ ಒಂದು ದಿನವೂ ಹೆದರಿಕೆ ಆಗಲಿಲ್ಲ. ಬ್ರೇಕು ಅವನ ಕೈಯಲ್ಲಿತ್ತಲ್ಲ.

ಉರುಸು ಬಂತು. ಆಯಿ ದಿನಾ ಲಿಂಗಪೂಜೆ ಮಾಡದೆ ನೀರು ಕುಡಿಯುವವಳಲ್ಲ. ಆದರೂ ಉರುಸಿಗೆ ಸಕ್ಕರೆ ಕಳಿಸುವುದನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ. ದರ್ಗಾದ ಸೇವೆ ಮಾಡುವ ಮುಜಾವರರು ಅದರ ಮೇಲೆ ಪ್ರಾರ್ಥನೆ ಓದಿ ಕೊಟ್ಟ ಮೇಲೆ ಮೆಟ್ಟಿಲಿನಲ್ಲೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳಬೇಕು. ಅದಕ್ಕೆ ಆಯಿಯದೊಂದು ಕಟ್ಟಳೆ ಇತ್ತು: "ಓದಿಸಿದ ಸಕ್ಕರಿ ತಿಂದ ಬಾಯಾಗ ಅವತ್ತ ಸುಳ್ಳ ಬರಬಾರ್ದು. ನಾಲಿಗಿಗಿ ಹುಳ ಬೀಳ್ತದ." ನಮ್ಮ ಮನೆಯಲ್ಲಿ ಆ ದಿನ ಎಲ್ಲರೂ ಹುಷಾರಾಗಿ ಮಾತಾಡುತ್ತಿದ್ದೆವು.

ಕಾಕಾ ಮೆಟ್ಟಿಲ ಮೇಲೆ ನಿಂತು ತನ್ನ ಪಾಲಿನ ಸಕ್ಕರೆ ತಿಂದ. ನಾನೂ ಅಂಗೈಯಲ್ಲಿ ಹಿಡಿದು ಬಾಯಿಗೆ ಒಯ್ಯುತ್ತಿದ್ದೆ, ಅಷ್ಟರಲ್ಲಿ ಎದುರಿನ ಬಯಲಿನಲ್ಲಿ ರೈಲು ಕಂಡಿತು. ಗುಮ್ಮಟಕ್ಕಿಂತ ಎತ್ತರವೇನಲ್ಲ, ತಲೆಕೆಳಗೂ ಓಡುತ್ತಿರಲಿಲ್ಲ. ಹಳದಿ ಬಣ್ಣದ ನಾಲ್ಕು ಡಬ್ಬಿ, ಮುಂದೆ ಹುಲಿಯ ಮುಖ. ಅದು ಏರಿ ಒಂದು ಗಳಿಗೆ ನಿಂತು ಇಳಿಯಿತು. ಜನ ಕಿರುಚಿದರು. ಕೆಳಗೆ ಬಂದಾಗ ನನ್ನಷ್ಟೇ ದೊಡ್ಡ ಹುಡುಗಿಯೊಬ್ಬಳು ವಾಂತಿ ಮಾಡಿಕೊಂಡು ಬಿಕ್ಕುತ್ತಿದ್ದಳು. ಡಬ್ಬಿಯಲ್ಲಿ ಬ್ರೇಕು ಎಲ್ಲಿದೆ ಎಂದು ನಾನು ಹುಡುಕಿದೆ. ಕಾಣಲಿಲ್ಲ. ನಾನು ಒಂದು ಮೆಟ್ಟಿಲು ಹಿಂದಕ್ಕೆ ಸರಿದೆ.

"ರೈಲು ಬಂದದೇನವಾ?" ಕಾಕಾ ನನ್ನ ಹೆಗಲ ಮೇಲೆ ಕೈಯಿಟ್ಟು ಕೇಳಿದ.

ಸಕ್ಕರೆಯ ಮುಷ್ಟಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡೆ. "ಬಂದಿಲ್ರಿ ಕಾಕಾ."

"ಅದೇನು ಸಪ್ಪಳ?"

"ಜನರೇಟರ್ ರೀ."

ಅವನು ಸ್ವಲ್ಪ ಹೊತ್ತು ಸಪ್ಪಳ ಕೇಳುತ್ತಾ ನಿಂತ. ರೈಲು ಮತ್ತೆ ಏರಿತು, ಮತ್ತೆ ಇಳಿಯಿತು. ಹೆಗಲ ಮೇಲಿದ್ದ ಅವನ ಬೆರಳು ಅದರ ಜೊತೆಗೇ ಬಿಗಿಯಾಗಿ, ಸಡಿಲಾದವು. "ಹೂಂ. ಜನರೇಟರ್ ಇರಬೇಕು," ಎಂದ. "ನಡಿ, ಬಸ್ಸು ತಪ್ಪತದ."

ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಳ್ಳಲು ಬಂದ. ಅಂಗೈಯೆಲ್ಲ ಅಂಟು. ಸಕ್ಕರೆ ಬೆವರಿಗೆ ಕರಗಿ ಬೆರಳ ಸಂದಿಯಲ್ಲಿ ಇಳಿದಿತ್ತು. ಕಾಕಾ ಒಂದೊಂದೇ ಬೆರಳು ಬಿಡಿಸಿ ಮುಟ್ಟಿ ನೋಡಿದ. ನಾನು ಸಕ್ಕರೆ ತಿಂದಿಲ್ಲವೆಂದು ಅವನಿಗೆ ತಿಳಿಯಿತು, ಯಾಕೆ ತಿಂದಿಲ್ಲವೆಂದೂ ತಿಳಿಯಿತು. ಹೆಗಲ ಮೇಲಿನ ಟವೆಲಿನ ತುದಿಯಿಂದ ನನ್ನ ಅಂಗೈ ಒರೆಸಿ, ಊರು ಬರುವ ತನಕ ಕಿಟಕಿಯ ಕಡೆ ಮುಖ ಮಾಡಿ ಕೂತ.

ಆ ಸಂಜೆ ಕಟ್ಟೆಯ ಮೇಲೆ ಮಕ್ಕಳೆಲ್ಲ ಕಾಯುತ್ತಿದ್ದರು. ಆಯಿಯೂ ಹೊಸ್ತಿಲಲ್ಲಿದ್ದಳು. ರೈಲು ಬಂದಿರಲೇ ಇಲ್ಲ ಎಂದು ನಾನು ಬಾಯಿ ಬಿಟ್ಟೆನೋ ಇಲ್ಲವೋ, ಕಿರಾಣಿ ಅಂಗಡಿಯವರ ಮಗಳು ಎದ್ದು ನಿಂತಳು. "ಸುಳ್ಳ ಹೇಳಾಕತ್ತಾಳ. ನಿನ್ನಿ ನಾವು ಕೂತ ಬಂದೀವಿ. ಅಂಜ್ಯಾಳ ಇಕಿ." ಎಲ್ಲರೂ ನನ್ನತ್ತ ತಿರುಗಿದರು. ಭೂಮಿ ಬಾಯಿಬಿಡಬಾರದೇ ಎನಿಸಿತು.

ಕಾಕಾ ಸೈಕಲ್ಲಿನ ಚಕ್ರ ತಿರುಗಿಸುತ್ತಾ ಕೂತಿದ್ದವನು ತಲೆ ಎತ್ತಲಿಲ್ಲ. "ನಿನ್ನಿ ಇದ್ದೀತು ಬೇ. ಇವತ್ತ ಕೆಟ್ಟಿತ್ತು. ಬೇರಿಂಗ್ ಹೋಗ್ಯಾವಂತ, ಬಿಚ್ಚಿ ಲಾರಿಗಿ ಹಾಕ್ಯಾರ. ಫಿಟ್ಟರ್‌ನ ಜೋಡಿ ನಾನೇ ಮಾತಾಡಿ ಬಂದೀನಿ. ಪಾಪ, ಇಕಿಗಿ ಭಾಳ ಮನಸಿತ್ತು ಕೂಡೂದು."

ಬೇರಿಂಗಿನ ವಿಷಯದಲ್ಲಿ ಕಾಕಾನ ಮಾತಿಗೆ ಎದುರಾಡುವವರು ಊರಲ್ಲಿ ಇರಲಿಲ್ಲ. ಹುಡುಗಿ ಮತ್ತೆ ಕಟ್ಟೆಯ ಮೇಲೆ ಕೂತಳು.

ಮುಂದಿನ ಉರುಸಿನ ಹೊತ್ತಿಗೆ ಅವನ ಕಣ್ಣು ಪೂರ್ತಿ ಹೋಗಿತ್ತು. ನಾನೇ ಕೈ ಹಿಡಿದು ಕೇಳಿದೆ, ಹೋಗೋಣ ನಡೀರಿ, ನಾ ಕೂಡ್ತೀನಿ ಎಂದೆ. "ಸಾಕ ಬಿಡವಾ, ವಯಸ್ಸಾತು," ಎಂದ. ಅವನಿಗೆ ನಲವತ್ತೂ ತುಂಬಿರಲಿಲ್ಲ. ಮತ್ತೆಂದೂ ಮಣ್ಣಿನಲ್ಲಿ ಹಳಿ ಬರೆಯಲಿಲ್ಲ. ಕೆಲವು ವರ್ಷಗಳಿಗೆ ತೀರಿಕೊಂಡ. ನಾನು ತಪ್ಪಾಯಿತೆಂದು ಹೇಳಲೇ ಇಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಅವನಿರುವಷ್ಟು ದಿನವನ್ನೂ ಕಳೆದುಬಿಟ್ಟೆ. ಅದು ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ, ಆಮೇಲೆ ಅಳು.

ಆ ಸಂಜೆ ಮಕ್ಕಳು ಚದುರಿದ ಮೇಲೆ ಆಯಿ ಹೊಸ್ತಿಲಿಂದ ಎದ್ದು ಬಂದು ಕಾಕಾನನ್ನು ಕೇಳಿದ್ದಳು: "ಸಕ್ಕರಿ ತಿಂದಿದ್ದಿಲ್ಲೇನಲೇ ನೀ?"

"ತಿಂದೀನವಾ," ಎಂದಿದ್ದ ಕಾಕಾ.