ಲಿಫ್ಟ್ ಮೇಲೆ, ಸಂಪ್ ಕೆಳಗೆ

ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ನಾನು ನಮ್ಮತ್ತೆಯವರ ಮೇಲೆ ಒಂದು ಸಲವೂ ದನಿ ಎತ್ತಿರಲಿಲ್ಲ. (ಎತ್ತಬೇಕು ಅನ್ನಿಸಿದ್ದು ಎಷ್ಟು ಸಲ ಅನ್ನೋದು ಬೇರೆ ಮಾತು.) ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಎತ್ತಿದೆ. ಎತ್ತಿದೆ ಅಂದರೆ, ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದೆ.

“ಅಮ್ಮಾ! ಅಲ್ಲೇ ನಿಂತ್ಕೊಳ್ಳಿ! ಕಾಲು ಮುಂದಿಡಬೇಡಿ!”

ಎಪ್ಪತ್ತೊಂಬತ್ತು ವರ್ಷದ ಹೆಂಗಸು. ಕೈಯಲ್ಲಿ ಕಾಫಿ ಲೋಟ. ಒಂದು ಕಾಲು ಬಾಗಿಲ ಮೆಟ್ಟಿಲ ಮೇಲೆ, ಇನ್ನೊಂದು ಪೋರ್ಟಿಕೋಗೆ ಇಳಿಯೋದರಲ್ಲಿತ್ತು. ಹಾಗೇ ನಿಂತುಬಿಟ್ಟರು. ಕಾಫಿ ತುಳುಕಿ ಕೈಮೇಲೆ ಬಿತ್ತು. “ಏನಾಯ್ತೇ?” ಅಂದರು.

ಎಲ್ಲ ಶುರುವಾದದ್ದು ಒಂದು ಕಾರ್ ಲಿಫ್ಟಿನಿಂದ.

ನಮ್ಮದು ಬಸವೇಶ್ವರನಗರದಲ್ಲಿ ಮೂವತ್ತು-ನಲವತ್ತರ ಸೈಟಿನ ಮನೆ. ಮಾವ ಕಟ್ಟಿಸಿದ್ದು. ಮುಂದೆ ಒಂದು ಪೋರ್ಟಿಕೋ, ಮೇಲೆ ತಗಡಿನ ಶೀಟು. ಅಲ್ಲಿ ನಮ್ಮನೆಯವರ ಹಳೇ ಕಾರು ಹನ್ನೊಂದು ವರ್ಷದಿಂದ ನಿಲ್ತಾ ಇದೆ. ಈ ವರ್ಷ ಮಗಳು ಸ್ಫೂರ್ತಿ ಕೂಡ ಒಂದು ಕಾರು ತಗೊಂಡಳು. ಹಲ್ಲಿನ ಡಾಕ್ಟರು, ಕ್ಲಿನಿಕ್ಕು ಕೆಂಗೇರಿಯಲ್ಲಿ. ಬೇಡ ಅನ್ನೋ ಹಾಗಿರಲಿಲ್ಲ.

ಕಾರು ಬಂತು. ಜಾಗ ಎಲ್ಲಿಂದ ಬರಬೇಕು?

ರಸ್ತೆಯಲ್ಲಿ ನಿಲ್ಲಿಸೋಣ ಅಂದರೆ ಎದುರುಮನೆ ಚಂದ್ರಪ್ಪನವರು. ಅವರದೂ ಎರಡು ಕಾರು. ಒಂದು ಅವರ ಕಾಂಪೌಂಡಿನೊಳಗೆ, ಇನ್ನೊಂದು ಹೆಚ್ಚುಕಮ್ಮಿ ನಮ್ಮ ಗೇಟಿನ ಮುಂದೆ. ಈ ವಿಷಯಕ್ಕೆ ಎರಡು ಮನೆಗಳ ನಡುವೆ ಮಾತು ನಿಂತು ಎರಡು ವರ್ಷವೇ ಆಗಿತ್ತು.

ಅಂಥ ಹೊತ್ತಲ್ಲಿ ನಮ್ಮನೆಯವರು ರಾಜರಾಜೇಶ್ವರಿನಗರದಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿ, ಊಟದ ವಿಷಯ ಬಿಟ್ಟು ಬರೀ ಗ್ಯಾರೇಜಿನ ವಿಷಯ ಮಾತಾಡ್ತಾ ಬಂದರು. ಎರಡು ಕಂಬ. ನಡುವೆ ಒಂದು ಕಬ್ಬಿಣದ ತಟ್ಟೆ. ಅದರ ಮೇಲೆ ಕಾರು ಹತ್ತಿಸಿ ಬಟನ್ ಒತ್ತಿದರೆ ಕಾರು ಮೇಲೆ ಹೋಗಿ ನಿಲ್ಲುತ್ತೆ, ಅದರ ಕೆಳಗೆ ಇನ್ನೊಂದು ಕಾರು. “ಒಂದು ಕಾರಿನ ಜಾಗದಲ್ಲಿ ಎರಡು, ಸುಧಾ!” ಅಂದರು. ಹೊಸ ಆಟದ ಸಾಮಾನು ಕಂಡ ಮಗುವಿನ ಮುಖ.

ಮುಂದಿನ ವಾರವೇ ಕಂಪನಿಯ ಸೇಲ್ಸ್‌ನವರು ಬಂದರು. ಲೇಸರ್ ಹಿಡಿದು ಅಗಲ ಅಳೆದರು, ಎತ್ತರ ಅಳೆದರು, ಮೀಟರ್ ಬೋರ್ಡ್ ನೋಡಿದರು. ಲಿಫ್ಟಿಗೆ ಎರಡು ಲಕ್ಷ ಎಂಬತ್ತು ಸಾವಿರ. ಜಿಎಸ್‌ಟಿ ಬೇರೆ. ತ್ರೀ ಫೇಸ್ ಕರೆಂಟ್ ಬೇರೆ. ಶೀಟ್ ಎತ್ತರಿಸೋದು ಬೇರೆ. ವರ್ಷ ವರ್ಷ ಸರ್ವಿಸಿಗೆ ಬೇರೆ.

ನನಗೆ ದುಡ್ಡಿಗಿಂತ ಆ ತಟ್ಟೆಯದೇ ಭಯ.

“ಕರೆಂಟ್ ಹೋದ್ರೆ?” ಅಂದೆ.

“ಲಾಕ್ ಇದೆ ಮೇಡಂ.”

“ಲಾಕ್ ಕೆಟ್ರೆ?”

“ಇನ್ನೊಂದು ಲಾಕ್ ಇದೆ.”

“ಅದೂ ಕೆಟ್ರೆ?”

ಆತ ನಮ್ಮನೆಯವರ ಮುಖ ನೋಡಿದ. ನಮ್ಮನೆಯವರು ಗೋಡೆ ನೋಡಿದರು.

ನನ್ನ ಕಣ್ಣಿಗೆ ಕಾಣ್ತಾ ಇದ್ದದ್ದು ಒಂದೇ. ನಮ್ಮತ್ತೆ ದಿನಾ ಬೆಳಿಗ್ಗೆ, ಕಾರು ಆಚೆ ಹೋದ ಮೇಲೆ, ಅದೇ ಪೋರ್ಟಿಕೋದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು, ಬಿಸಿಲಿಗೆ ಬೆನ್ನು ಕೊಟ್ಟು ಸೊಪ್ಪು ಬಿಡಿಸ್ತಾರೆ. ಅವರ ತಲೆಯ ಮೇಲೆ ಒಂದು ಟನ್ ಕಾರು ತೂಗ್ತಾ ಇರುತ್ತೆ. ಮೇಲಿನಿಂದ ಏನಾದರೂ ಬಿದ್ದರೆ? ಹದಿನೈದು ದಿನ ನಾನು ಮೇಲೆ ನೋಡ್ಕೊಂಡೇ ಹೆದರಿದೆ. ಕೆಳಗೆ ನೋಡಬೇಕು ಅಂತ ಹೊಳೆಯಲೇ ಇಲ್ಲ.

ಕೊಟೇಶನ್ನಿನ ಕೊನೆಯಲ್ಲಿ ಒಂದು ಸಾಲಿತ್ತು. ಕಂಬ ನಿಲ್ಲಿಸೋ ನೆಲ ಗಟ್ಟಿಯಾಗಿರಬೇಕು, ಅದು ಗ್ರಾಹಕರ ಜವಾಬ್ದಾರಿ. ಅದಕ್ಕೆ ನಮ್ಮನೆಯವರು ಒಬ್ಬ ಮೇಸ್ತ್ರಿಯನ್ನ ಕರೆಸಿದರು. ಹೆಸರು ಕೆಂಪರಾಜು, ಮಲ್ಲತ್ತಹಳ್ಳಿ ಕಡೆಯವರು. ನಲವತ್ತರ ಆಸುಪಾಸು. ಮಾತು ಕಮ್ಮಿ.

ಆ ಭಾನುವಾರ ಅವರು ಬಂದವರೇ ಹಾರೆ ತಿರುಗಿಸಿ ಹಿಡಿದು, ಅದರ ಹಿಂಬದಿಯಿಂದ ನೆಲ ಕುಟ್ಟುತ್ತಾ ಹೋದರು. ಬಾಗಿಲ ಹತ್ತಿರ ಟಕ್ ಟಕ್. ಗೇಟಿನ ಕಡೆ ಬಂದಾಗ ಡಬ್ ಡಬ್.

ಅಲ್ಲಿಗೇ ನಿಲ್ಲಿಸಿದರು.

“ಸಂಪ್ ಇಲ್ಲೇನಾ ಸಾರ್ ಇರೋದು?”

ಹೌದು. ನಮ್ಮ ಕಡೆ ಯಾವ ಮನೆ ನೋಡಿದರೂ ನೀರಿನ ಸಂಪ್ ಇರೋದು ಪೋರ್ಟಿಕೋದ ಅಡಿಗೇ ಅಲ್ಲವೇ? ನೀರು ಕೆಳಗೆ, ಗಾಡಿ ಮೇಲೆ. ಮಾವ ಅದನ್ನ ಕಟ್ಟಿಸಿದ ಕಾಲಕ್ಕೆ ಅದರ ಮೇಲೆ ನಿಲ್ತಾ ಇದ್ದದ್ದು ಅವರ ಸ್ಕೂಟರ್ ಒಂದೇ. ಆಮೇಲೆ ನಾವು ಕಾರು ತಂದೆವು. ಸಂಪನ್ನ ಯಾರೂ ಕೇಳಲಿಲ್ಲ.

“ಇಳಿದು ನೋಡ್ತೀನಿ. ಕಾರು ಆಚೆ ತೆಗೀಬೋದಾ?” ಅಂದರು ಕೆಂಪರಾಜು.

ಈಗ ಬರೆಯೋದಕ್ಕೆ ಕಷ್ಟವಾಗುವ ಭಾಗ. ಗೇಟಿನ ಮುಂದೆ ಚಂದ್ರಪ್ಪನವರ ಕಾರು ಇತ್ತು. ಅವರನ್ನ ಕರೆದರೆ ಭಾನುವಾರ ಬೆಳಿಗ್ಗೆ ಬೆಳಿಗ್ಗೆಯೇ ಜಗಳ. ನನಗೆ ಮನಸ್ಸಿರಲಿಲ್ಲ.

“ಐದು ನಿಮಿಷದ ಕೆಲಸ ಅಲ್ವಾ? ಹಾಗೇ ನೋಡಿಬಿಡಿ” ಅಂದೆ. ಅಂದದ್ದು ನಾನೇ. ನಮ್ಮನೆಯವರಲ್ಲ, ಮಗಳಲ್ಲ.

ಆ ವಾರ ಕಾವೇರಿ ನೀರು ಸರಿಯಾಗಿ ಬಂದಿರಲಿಲ್ಲ, ಸಂಪಿನಲ್ಲಿ ಇದ್ದದ್ದು ಮೊಳಕಾಲುದ್ದ ನೀರು. ಮನೆಯ ಪಕ್ಕದ ಓಣಿಗೆ ತಾಗಿದ ಹಾಗೆ ಅದರ ಮುಚ್ಚಳ. ಕೆಂಪರಾಜು ಮುಚ್ಚಳ ತೆಗೆದು, ಗಾಳಿ ಆಡಲಿ ಅಂತ ಅರ್ಧ ಗಂಟೆ ಬಿಟ್ಟು, ಏಣಿ ಇಳಿಸಿ, ಟಾರ್ಚ್ ಹಿಡಿದು ಒಳಗೆ ಹೋದರು. ಓಣಿಯಲ್ಲಿ ನಿಂತು ನಮ್ಮನೆಯವರು ಏಣಿ ಹಿಡ್ಕೊಂಡಿದ್ದರು. ನಾನು ಪಕ್ಕದಲ್ಲಿ.

ಸ್ವಲ್ಪ ಹೊತ್ತು ನೀರಲ್ಲಿ ಕಾಲಾಡಿಸೋ ಸದ್ದು. ಆಮೇಲೆ ಏನೋ ಕೆರೆದ ಸದ್ದು. ಆಮೇಲೆ, ದೊಡ್ಡದೊಂದು ಕಲ್ಲು ನೀರಿಗೆ ಬಿದ್ದ ಹಾಗೆ, ದುಡುಮ್.

ಆಮೇಲೆ ಸದ್ದೇ ಇಲ್ಲ.

“ಕೆಂಪರಾಜೂ?” ಅಂದರು ನಮ್ಮನೆಯವರು.

ಕೆಳಗಿನಿಂದ ಬಂದ ದನಿ ಎಷ್ಟು ಮೆಲ್ಲಗಿತ್ತು ಅಂದರೆ, ಅದಕ್ಕೇ ಹೆದರಿಕೆಯಾಯಿತು. “ಸಾರ್, ಮೇಲೆ ಯಾರೂ ಓಡಾಡಬೇಡಿ. ಕಾರ್ ಹತ್ರ ಯಾರೂ ಹೋಗಬೇಡಿ.”

ಸರಿಯಾಗಿ ಆ ಹೊತ್ತಿಗೇ ನಮ್ಮತ್ತೆ, ಪಾಪ, ಕೆಲಸಕ್ಕೆ ಬಂದವರಿಗೆ ಕಾಫಿ ಕೊಡೋಣ ಅಂತ ಬಾಗಿಲಿಗೆ ಬಂದದ್ದು. ನಾನು ಕಿರುಚಿದ್ದು.

ಮುಚ್ಚಳದ ಬಾಯಲ್ಲಿ ಮೊದಲು ಒಂದು ಕೈ ಕಾಣಿಸಿತು. ಆಮೇಲೆ ತಲೆ. ತಲೆ ತುಂಬ ಸಿಮೆಂಟ್ ಪುಡಿ, ತುಕ್ಕು. ನಮ್ಮನೆಯವರು ಆ ಕೈ ಹಿಡಿದು ಎಳೆದ ರೀತಿ ನೋಡಿದರೆ, ಅವರಿಗೆ ಅಷ್ಟು ಶಕ್ತಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಕೆಂಪರಾಜು ಓಣಿಯಲ್ಲೇ ಗೋಡೆಗೊರಗಿ ಕೂತರು.

“ಸ್ಲ್ಯಾಬಲ್ಲಿ ಏನೂ ಉಳಿದಿಲ್ಲ ಮೇಡಂ. ಕಂಬಿ ಉಗುರಲ್ಲಿ ಕೆರೆದ್ರೆ ಉದುರ್ತದೆ. ಹಿಂದಿನ ಚಕ್ರದ ನೇರಕ್ಕೆ ಬಿರುಕು. ನನ್ನ ಬೆರಳು ಒಳಗೋಯ್ತು. ಈಗ ಬಿದ್ದದ್ದು ಒಂದು ಚೂರಷ್ಟೇ.”

ಯಾಕೆ ಕೇಳಿದೆನೋ ಗೊತ್ತಿಲ್ಲ, “ಮನೇಲಿ ಯಾರಿದ್ದಾರೆ ನಿಮಗೆ?” ಅಂದೆ.

“ಇಬ್ರು ಹೆಣ್ಮಕ್ಳು. ಚಿಕ್ಕೋಳಿಗೆ ಇವತ್ತು ಮಧ್ಯಾಹ್ನ ಕಿವಿ ಚುಚ್ಚಿಸಬೇಕು. ಬೇಗ ಬರ್ತೀನಿ ಅಂತ ಹೇಳಿ ಬಂದಿದ್ದೆ.”

ಐದು ನಿಮಿಷದ ಕೆಲಸ ಅಲ್ವಾ ಅಂದಿದ್ದೆನಲ್ಲ ನಾನು.

ಅಷ್ಟರಲ್ಲಿ ನಮ್ಮನೆಯವರು ಜೇಬಿನಿಂದ ಕಾರಿನ ಕೀ ತೆಗೆದಿದ್ದರು. “ಮೆಲ್ಲಗೆ ಸ್ಟಾರ್ಟ್ ಮಾಡಿ ತೆಗೆದುಬಿಡ್ತೀನಿ.”

“ಅಪ್ಪಾ, ಹುಚ್ಚಾ ನಿಮಗೆ?” ಅಂತ ಸ್ಫೂರ್ತಿ ಕೀ ಕಿತ್ಕೊಂಡಳು. ಕಿತ್ಕೊಂಡವಳೇ ಓಣಿಯ ತುದಿಯ ಚಿಕ್ಕ ಗೇಟಿನಿಂದ ರಸ್ತೆಗಿಳಿದು, ಎದುರುಮನೆಯ ಬೆಲ್ ಒತ್ತಿದಳು. ನಾನು ತಡೆಯಲಿಲ್ಲ.

ಚಂದ್ರಪ್ಪನವರು ಬನಿಯನ್ನಲ್ಲೇ ಬಂದರು. ಮುಖ ಜಗಳಕ್ಕೆ ತಯಾರಾಗೇ ಇತ್ತು. ಸ್ಫೂರ್ತಿ ಏನು ಹೇಳಿದಳೋ, ಮುಖ ಬದಲಾಯಿತು. ತಮ್ಮ ಕಾರು ತೆಗೆದರು. ಒಳಗೆ ಹೋಗಿ ಒಂದು ದಪ್ಪ ಹಗ್ಗ ತಂದರು.

ಕೆಂಪರಾಜು ಎದ್ದು, ಓಣಿಯಿಂದಲೇ ಬಗ್ಗಿ, ಸಂಪ್ ಎಲ್ಲಿಂದ ಎಲ್ಲಿವರೆಗೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಕಾರಿನ ಹಿಂದಿನ ಎರಡು ಚಕ್ರ ಗೆರೆಯೊಳಗೆ. ಮುಂದಿನ ಚಕ್ರಗಳು ಗಟ್ಟಿ ನೆಲದ ಮೇಲೆ. ಹಿಂದಕ್ಕೆ ತೆಗೆದು ರಸ್ತೆಗೆ ಹೋಗೋದಾದರೆ ನಾಲ್ಕೂ ಚಕ್ರ ಸಂಪಿನ ಮೇಲೇ ಹಾಯಬೇಕು. ಮುಂದಕ್ಕೆ, ಬಾಗಿಲ ಕಡೆಗೆ, ಮೂರಡಿ ಎಳೆದರೆ ಕಾರು ಬಚಾವ್.

ಅಂದರೆ ಎಳೆಯೋರು ಎಲ್ಲಿ ನಿಲ್ಲಬೇಕು? ನಮ್ಮ ಹಾಲ್‌ನಲ್ಲಿ!

ಎಲ್ಲರೂ ಓಣಿಯಿಂದ ಹಿತ್ತಿಲಿಗೆ ಹೋಗಿ ಅಡುಗೆಮನೆ ಬಾಗಿಲಿಂದ ಒಳಗೆ ಬಂದೆವು. ನಮ್ಮನೆಯವರು ಮುಂಬಾಗಿಲಿಂದ ಗಟ್ಟಿ ನೆಲದ ಮೇಲಷ್ಟೇ ಇಳಿದು, ಕೈ ಚಾಚಿ ಕಾರಿನ ಡೋರ್ ತೆಗೆದು, ಒಳಗೆ ಕೂರದೆ, ಗೇರನ್ನ ನ್ಯೂಟ್ರಲ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಇಳಿಸಿದರು. ಬಂಪರಿನ ಕೊಕ್ಕೆಗೆ ಕಟ್ಟಿದ ಹಗ್ಗ ಹೊಸ್ತಿಲು ದಾಟಿ, ಸೋಫಾ ಪಕ್ಕದಿಂದ, ದೇವರ ಮನೆಯವರೆಗೆ ಬಂತು. ಚಂದ್ರಪ್ಪ, ನಮ್ಮನೆಯವರು, ಕೆಂಪರಾಜು, ಸ್ಫೂರ್ತಿ, ನಾನು. ನಮ್ಮತ್ತೆ ದೇವರ ಮನೆಯೊಳಗೆ, ಕಣ್ಣು ಮುಚ್ಚಿಕೊಂಡು.

“ಎಳೀರಿ. ಜಗ್ಗಬೇಡಿ, ಮೆಲ್ಲಗೆ” ಅಂದರು ಕೆಂಪರಾಜು.

ಕಾರು ಒಂದಡಿ ಬಂತು. ಎಲ್ಲೋ ಆಳದಲ್ಲಿ ಕಟ್ ಅಂತ ಒಂದು ಸದ್ದು. ಎಲ್ಲರೂ ನಿಂತೆವು. ಕಾರಿನ ಹಿಂಭಾಗ ಒಂದು ಚೂರು ಕುಸಿದ ಹಾಗೆ ಕಂಡಿತು. ನಿಜವಾಗಿ ಕುಸಿಯಿತೋ, ನನ್ನ ಕಣ್ಣೋ, ಇವತ್ತಿಗೂ ಗೊತ್ತಿಲ್ಲ.

“ನಿಲ್ಲಿಸಬ್ಯಾಡ್ರಿ!” ಅಂತ ಚಂದ್ರಪ್ಪ ಕೂಗಿದರು. ಎಳೆದೆವು. ಬಂಪರ್ ಬಂದು ಮೆಟ್ಟಿಲಿಗೆ ಗುದ್ದಿತು. ಹಿಂದಿನ ಚಕ್ರಗಳು ಗೆರೆಯಿಂದ ಒಂದು ಗೇಣು ಈಚೆ ಇದ್ದವು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಂದ್ರಪ್ಪನವರು ನಮ್ಮ ಸೋಫಾ ಮೇಲೆ ಕೂತು ನೀರು ಕೇಳಿದರು.

ಮಾರನೇ ದಿನ ಕೆಂಪರಾಜು ಸ್ಲ್ಯಾಬ್ ಒಡೆಯೋಕೆ ಬಂದರು. ಮಷಿನ್ ತಂದಿದ್ದರು, ಬೇಕಾಗಲಿಲ್ಲ. ಗೆರೆಯಾಚೆ ನಿಂತು ಉದ್ದನೆಯ ಹಾರೆಯಿಂದ ಕುಟ್ಟಿದ ಮೂರನೇ ಏಟಿಗೆ, ನಮ್ಮ ಊಟದ ಟೇಬಲ್ಲಿನಷ್ಟು ದೊಡ್ಡ ತುಂಡು ಟೈಲ್ಸ್ ಸಮೇತ ಒಳಗೆ ಹೋಯಿತು. ಕರೀ ಬಾಯಿ ತೆರೆದ ಹಾಗೆ ಕಾಣ್ತಾ ಇತ್ತು. ನಾನು ಒಳಗೆ ಹೋಗಿ ಬಾಗಿಲು ಹಾಕ್ಕೊಂಡೆ.

ಹೋದ ಶ್ರಾವಣದಲ್ಲಿ ಅರಿಶಿನ-ಕುಂಕುಮಕ್ಕೆ ಬಂದ ಹೆಂಗಸರನ್ನೆಲ್ಲ, ಒಳಗೆ ಜಾಗ ಸಾಲದೆ, ಅಲ್ಲೇ ಜಮಖಾನ ಹಾಸಿ ಕೂರಿಸಿದ್ದೆ. ಒಬ್ಬಳು ಬಸುರಿ. ರಜಾ ಬಂದರೆ ಬೀದಿ ಮಕ್ಕಳು ಅಲ್ಲೇ ಕುಂಟೇಬಿಲ್ಲೆ ಆಡ್ತಿದ್ದವು, ಒಂಟಿ ಕಾಲಲ್ಲಿ ಕುಪ್ಪಳಿಸಿ ಕುಪ್ಪಳಿಸಿ. ನಮ್ಮತ್ತೆಯ ಕುರ್ಚಿ? ಸರಿಯಾಗಿ ಆ ತುಂಡು ಬಿದ್ದ ಜಾಗದಲ್ಲಿ.

ಭಯ ಅನ್ನೋದು ಅಪಾಯಕ್ಕೆ ಮೊದಲು ಬರಬೇಕಲ್ಲವೇ? ನನಗೆ ಆಮೇಲೆ ಬಂತು. ಬಂದದ್ದು ಹೋಗಿಲ್ಲ. ಈಗ ಹೊಸಹಳ್ಳಿ ಮೆಟ್ರೋಗೆ ಹೋಗುವಾಗ ಫುಟ್‌ಪಾತ್ ಮೇಲೆ ಕಾಲಿಡೋಕೆ ಆಗ್ತಿಲ್ಲ. ಅಲ್ಲಿ ಹಾಸಿರೋದೂ ಚಪ್ಪಡಿ, ಅಡಿಯಲ್ಲಿ ಹರಿಯೋದು ಮೋರಿ. ಯಾರು ಇಳಿದು ನೋಡಿದ್ದಾರೆ? ರಸ್ತೆಯ ಅಂಚಲ್ಲೇ ನಡೀತೀನಿ. ಮೊನ್ನೆ ಒಬ್ಬ ಆಟೋದವನು, “ಏನ್ ಆಂಟಿ, ಫುಟ್‌ಪಾತ್ ಇರೋದು ಮತ್ಯಾಕೆ?” ಅಂತ ಬೈದುಕೊಂಡು ಹೋದ. ಅವನಿಗೆ ಏನಂತ ಹೇಳಲಿ?

ಹೊಸ ಸ್ಲ್ಯಾಬ್ ಆಯಿತು. ದಪ್ಪ ಕಂಬಿ, ಹತ್ತಿರ ಹತ್ತಿರ. ಗೋಡೆಗಳನ್ನೂ ರಿಪೇರಿ ಮಾಡಿಸಬೇಕಾಯಿತು. ಲಿಫ್ಟಿಗೆ ಇಟ್ಟ ದುಡ್ಡಲ್ಲಿ ಮುಕ್ಕಾಲು ಭಾಗ ನೆಲಕ್ಕೇ ಹೋಯಿತು. ಲಿಫ್ಟ್ ಕಂಪನಿಯಾತ ಫೋನ್ ಮಾಡಿದಾಗ ನಾನೇ ಎತ್ತಿಕೊಂಡು ಕೇಳಿದೆ. “ಅಷ್ಟೆಲ್ಲ ಅಳೆದ್ರಲ್ಲಪ್ಪಾ, ನೆಲದ ಕೆಳಗೆ ಏನಿದೆ ಅಂತ ಒಂದು ಮಾತು ಕೇಳಬಾರದಿತ್ತಾ?”

“ಅದು ನಮಗೆ ಬರಲ್ಲ ಮೇಡಂ, ಕಸ್ಟಮರ್ ಕಡೆದು” ಅಂದ. ಸುಳ್ಳೇನೂ ಹೇಳಲಿಲ್ಲ. ಕೊನೇ ಸಾಲಲ್ಲಿ ಬರೆದೇ ಇತ್ತಲ್ಲ. ಕಂಬ ನಿಲ್ಲಿಸಿದ್ದರೆ, ಎರಡು ಕಾರಿನ ಭಾರ ಆ ಸ್ಲ್ಯಾಬಿನ ಮೇಲೆ ಬಿದ್ದಿದ್ದರೆ, ಆ ಸಾಲು ನಮ್ಮನ್ನ ಎತ್ತಿ ಹಿಡೀತಿತ್ತಾ?

ಲಿಫ್ಟ್ ಬೇಡ ಅಂತಾಯಿತು. ಕೆಂಪರಾಜು ಮಗಳಿಗೆ ಮುಂದಿನ ವಾರ ಕಿವಿ ಚುಚ್ಚಿಸಿದರು. ನಾನೂ ಹೋಗಿದ್ದೆ. ಆ ಮಗು ಅಳೋದು ಕೇಳಿ ನಾನೂ ಅತ್ತೆ. ಯಾಕೆ ಅಂತ ಅವರ ಹೆಂಡತಿಗೆ ಅರ್ಥವಾಗಲಿಲ್ಲ. ಕೆಂಪರಾಜು ಮನೇಲಿ ಏನೂ ಹೇಳಿರಲಿಲ್ಲ.

ಇನ್ನು ಚಂದ್ರಪ್ಪನವರು. ಅವತ್ತಿನಿಂದ ಒಳ್ಳೆಯವರಾಗಿಬಿಟ್ಟಿದ್ದಾರೆ. ನಮಗೆ ತೊಂದರೆಯಾಗಬಾರದು ಅಂತ ಎರಡೂ ಕಾರನ್ನ ಹೇಗೋ ಹೊಂದಿಸಿ ತಮ್ಮ ಕಾಂಪೌಂಡಿನೊಳಗೇ ನಿಲ್ಲಿಸ್ತಾರೆ. ನಮ್ಮ ಗೇಟಿನ ಮುಂದಿನ ಆ ಜಾಗದಲ್ಲಿ ಈಗ ಸ್ಫೂರ್ತಿಯ ಕಾರು. ಅವರ ಮನೆಯೂ ನಮ್ಮ ಮನೆಯೂ ಒಂದೇ ವರ್ಷ ಎದ್ದದ್ದು. ಅವರ ಸಂಪೂ ಪೋರ್ಟಿಕೋದ ಅಡಿಗೇ.

ಹೇಳಿದೆ. ಕೆಂಪರಾಜು ನಂಬರ್ ಬರೆದುಕೊಟ್ಟೆ. ಎರಡು ಸಲ ಜ್ಞಾಪಿಸಿದೆ. ಅವರು ನಗ್ತಾರೆ. “ನಮ್ಮದು ಗಟ್ಟಿಯಾಗೈತೆ ಬಿಡಿ ಮೇಡಂ. ಮೂವತ್ತು ವರ್ಷದಿಂದ ಏನೂ ಆಗಿಲ್ಲ.”

ದಿನಾ ಬೆಳಿಗ್ಗೆ ಅವರು ಕಾರು ಸ್ಟಾರ್ಟ್ ಮಾಡಿದ ಸದ್ದಿಗೆ ನಾನು ಕಿಟಕಿಗೆ ಬಂದು ನಿಲ್ತೀನಿ. ಹಿಂದಿನ ಸೀಟಲ್ಲಿ ಸ್ಕೂಲ್ ಯೂನಿಫಾರ್ಮಿನ ಮೊಮ್ಮಗಳು. ಕಾರು ಅವರ ಗೇಟು ದಾಟೋವರೆಗೆ ಅಲ್ಲಿಂದ ಕದಲಲ್ಲ.

ಮೂವತ್ತು ವರ್ಷದಿಂದ ಏನೂ ಆಗಿಲ್ಲ ಅಂದರೆ ಏನು ಸ್ವಾಮಿ ಅರ್ಥ, ಗಟ್ಟಿಯಾಗಿದೆ ಅಂತಲೋ, ಇನ್ನೂ ಆಗಿಲ್ಲ ಅಂತಲೋ?