ಗಂಟುಮೂಟೆಯ ಇಪ್ಪತ್ತನೇ ಮ್ಯಾಚು

ಫುಟ್‌ಬಾಲ್ ಆಡಿದವರೆಲ್ಲ ದೊಡ್ಡ ಹೆಸರು ಮಾಡಿಬಿಡುತ್ತಾರೆ ಎಂದು ಯಾರು ಹೇಳಿದರೋ! ಹದಿನಾರು ವರ್ಷದಲ್ಲಿ ಒಂಬತ್ತು ಕ್ಲಬ್ಬು ತಿರುಗಿದ ಈ ಡಿಫೆಂಡರನಿಗೆ ಸಿಕ್ಕಿದ್ದು 'ಗಂಟುಮೂಟೆ' ಎಂಬ ಅಡ್ಡಹೆಸರು ಮಾತ್ರ. ಒಂದು ಊರಲ್ಲಿ ಕಾಲೂರಿದ ಅನ್ನುವಷ್ಟರಲ್ಲಿ ಎತ್ತಂಗಡಿ. ಆಟವೇನೂ ಕೆಟ್ಟದ್ದಲ್ಲ, ಎದುರಾಳಿಯ ಕಾಲಿಂದ ಚೆಂಡು ಕಿತ್ತು ಪಕ್ಕದವನಿಗೆ ಕೊಟ್ಟು ಸುಮ್ಮನಾಗುವವನು. ಅಂಥವನ ಫೋಟೋ ಯಾರು ಹಾಕುತ್ತಾರೆ?

ಅವನ ಹೆಂಡತಿ ಮನೆ ಸಾಗಿಸಿದ ರಟ್ಟಿನ ಪೆಟ್ಟಿಗೆಗಳನ್ನು ಎಂದೂ ಎಸೆದವಳಲ್ಲ. ಬಿಚ್ಚಿ, ಚಪ್ಪಟೆ ಮಾಡಿ, ಮಂಚದ ಕೆಳಗೆ ತಳ್ಳಿಡುತ್ತಿದ್ದಳು. 'ಅಡುಗೆಮನೆ', 'ಹಾಸಿಗೆ', 'ಮಗಳ ಪುಸ್ತಕ' ಎಂದು ಒಂದೊಂದರ ಮೇಲೂ ದಪ್ಪ ಅಕ್ಷರ. ಆ ಮಗಳು ಈಗಾಗಲೇ ಆರು ಶಾಲೆ ಕಂಡಿದ್ದಳು.

"ಅಪ್ಪ, ಹತ್ತನೇ ಕ್ಲಾಸಾದ್ರೂ ಇಲ್ಲೇ ಮುಗಿಸ್ತೀನಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಬರ್ತೀನಿ."

"ನನ್ನ ಕೈಲಿದ್ರೆ ಬೇಡ ಅಂತೀನಾ ಪುಟ್ಟಿ?"

ಅದು ಅವನ ಕೈಲೂ ಇರಲಿಲ್ಲ, ಕಾಲಲ್ಲೂ ಇರಲಿಲ್ಲ. ಆ ವರ್ಷ ಇಪ್ಪತ್ತು ಮ್ಯಾಚು ಆಡಿದರೆ ಕ್ಲಬ್ಬು ಅವನನ್ನು ಇನ್ನೊಂದು ವರ್ಷ ಇಟ್ಟುಕೊಳ್ಳಲೇಬೇಕು ಎಂದು ಒಪ್ಪಂದದಲ್ಲಿತ್ತು. ಒಂದು ನಿಮಿಷ ಮೈದಾನಕ್ಕಿಳಿದರೂ ಅದು ಮ್ಯಾಚೇ. ಹತ್ತೊಂಬತ್ತು ಮುಗಿದದ್ದೇ ತಡ, ಬೆಂಚೇ ಗತಿಯಾಯಿತು. ನಾಲ್ಕು ಮ್ಯಾಚು ಹಾಗೇ ಕಳೆದವು. ಮೇಲಿಂದ ಅಪ್ಪಣೆಯಾಗಿದೆ ಎಂಬುದು ಆಟಗಾರರ ಬಟ್ಟೆ ಒಗೆಯುವವನಿಗೂ ಗೊತ್ತಿತ್ತು. ಮೂವತ್ತೈದು ದಾಟಿದವನು ಯಾರಿಗೆ ಬೇಕು? ಥೂ, ಅದನ್ನು ಎದುರಿಗೆ ಬಾಯಿಬಿಟ್ಟು ಹೇಳುವ ಧೈರ್ಯವಾದರೂ ಬೇಡವೇ!

ಕೊನೆಯ ಮ್ಯಾಚಿನ ಬೆಳಿಗ್ಗೆ ಹೆಂಡತಿ ಪೆಟ್ಟಿಗೆಗಳನ್ನು ಹೊರಗೆಳೆದು ಧೂಳು ಒರೆಸತೊಡಗಿದಳು. ಮಗಳು ನೋಡಿದಳು, ತನ್ನ ಪುಸ್ತಕಗಳನ್ನು ತಾನೇ ತಂದು ಪಕ್ಕದಲ್ಲಿಟ್ಟಳು. ಅತ್ತಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

ಅಂದು ಇವರ ತಂಡ ಒಂದು ಗೋಲು ಮುಂದಿತ್ತು. ಕೋಚ್ ಕೂಡ ಹಿಂದೆ ಊರೂರು ಅಲೆದು ಆಡಿದವನೇ. ಮನೆಯ ಸುದ್ದಿ ಯಾರ ಹತ್ತಿರವೂ ಎತ್ತದ ಗಡಸು ಮನುಷ್ಯ. ಎಂಬತ್ತೆಂಟನೇ ನಿಮಿಷದವರೆಗೂ ಅವನು ಬೆಂಚಿನತ್ತ ತಿರುಗಲಿಲ್ಲ. ಆಮೇಲೆ ತಿರುಗಿದ.

"ಏ ಗಂಟುಮೂಟೆ, ಬೂಟಿನ ದಾರ ಕಟ್ಟಿದೀಯಾ?"

"ಬೆಳಿಗ್ಗೆನೇ ಕಟ್ಟಿದೀನಿ ಸರ್."

"ಮತ್ತೆ ಇನ್ಯಾರಿಗೆ ಕಾಯ್ತಿದೀಯ? ಇಳಿ!"

"ಸರ್, ಮೇಲಿನವರು..."

"ಅವರನ್ನ ನಾನು ನೋಡ್ಕೋತೀನಿ. ನೀನು ಚೆಂಡು ನೋಡ್ಕೋ."

ಸಿಕ್ಕ ನಾಲ್ಕೈದು ನಿಮಿಷದಲ್ಲಿ ಅವನು ಮುಟ್ಟಿದ್ದು ಒಂದೇ ಸಲ. ಬಂದ ಚೆಂಡನ್ನು ತಲೆಯಿಂದ ಗುದ್ದಿ ಗೆರೆಯಾಚೆ ಅಟ್ಟಿದ. ಶಿಳ್ಳೆ ಬಿತ್ತು. ಎಲ್ಲರೂ ಗೋಲು ಹೊಡೆದವನನ್ನು ಎತ್ತಿಕೊಂಡು ಕುಣಿದರು. ಇವನು ಹುಲ್ಲಿನ ಮೇಲೆ ಕುಕ್ಕರಿಸಿ ಗಳಗಳನೆ ಅತ್ತುಬಿಟ್ಟ. ಮನೆಯಲ್ಲಂತೂ ಮಗಳು ಕುಣಿದದ್ದೇ ಕುಣಿದದ್ದು. "ರೀ, ಇವನ್ನ ಇನ್ನು ಬಿಸಾಕಿ" ಎಂದಳು ಹೆಂಡತಿ, ಪೆಟ್ಟಿಗೆಗಳನ್ನು ತೋರಿಸಿ.

ಬಿಸಾಕುವ ಮೊದಲೇ, ನಾಲ್ಕನೇ ದಿನ, ಕೋಚ್‌ನನ್ನು ತೆಗೆದುಹಾಕಿದ ಸುದ್ದಿ ಬಂತು. ಯಾಕೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಗಂಟುಮೂಟೆ ಎರಡು ಸಲ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋಗಿ ವಾಪಸು ಬಂದ. ಹೋಗಿ ಏನೆಂದು ಹೇಳುವುದು? ಕೊನೆಗೆ ಪೆಟ್ಟಿಗೆಗಳನ್ನೆಲ್ಲ ಹಗ್ಗ ಹಾಕಿ ಕಟ್ಟಿ, ಹೊತ್ತುಕೊಂಡು, ಎರಡು ಬೀದಿಯಾಚೆ ಇದ್ದ ಕೋಚ್‌ನ ಮನೆಗೆ ನಡೆದ.

ಬಾಗಿಲು ತೆಗೆದ ಕೋಚ್ ನಕ್ಕುಬಿಟ್ಟ. "ಭೇಷ್! ಬೆಳಿಗ್ಗೆಯಿಂದ ಅಂಗಡಿ ಅಂಗಡಿ ಅಲೆದೆ ಕಣೋ, ಒಂದು ಪೆಟ್ಟಿಗೆ ಸಿಗಲಿಲ್ಲ."

"ಸರ್, ನನ್ನಿಂದಾಗಿ..."

"ಸುಮ್ನಿರು. ಈ ಟೇಪ್ ಹಿಡ್ಕೋ."

ಇಬ್ಬರೂ ನೆಲದ ಮೇಲೆ ಕೂತು ಪೆಟ್ಟಿಗೆಗಳ ತಳ ಅಂಟಿಸತೊಡಗಿದರು. 'ಮಗಳ ಪುಸ್ತಕ' ಕೈಗೆ ಬಂದಾಗ ಗಂಟುಮೂಟೆ ಪೆನ್ನು ತೆಗೆದು ಅಕ್ಷರ ಹೊಡೆದುಹಾಕಲು ಹೋದ.

"ಅಯ್ಯೋ, ಅದು ಹಾಗೇ ಇರಲಿ ಬಿಡು" ಎಂದ ಕೋಚ್. "ನನಗೂ ಒಬ್ಬಳಿದಾಳೆ. ಅವಳದೂ ಬರೋ ವರ್ಷ ಹತ್ತನೇ ಕ್ಲಾಸೇ."

ಒಳಕೋಣೆಯಲ್ಲಿ ಯಾರೋ ಪುಸ್ತಕ ಜೋಡಿಸುವ ಸದ್ದು ಬರುತ್ತಿತ್ತು. ಗಂಟುಮೂಟೆ ಪೆನ್ನಿನ ಮುಚ್ಚಳ ಹಾಕಿದ. ಆ ಪೆಟ್ಟಿಗೆಗೆ ಮಾತ್ರ ಟೇಪನ್ನು ಎರಡು ಸುತ್ತು ಜಾಸ್ತಿ ಸುತ್ತಿದ.