ತೂಕದ ಸಾಹೇಬರ ಮನೆ ತಪಾಸಣೆ

ಮೂವತ್ತೊಂದು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷಿಸಿದ ಇನ್ಸ್‌ಪೆಕ್ಟರು ನಿವೃತ್ತರಾಗಬಹುದು, ಅವರ ಅನುಮಾನ ನಿವೃತ್ತವಾಗುವುದಿಲ್ಲ. ಬೀದಿಯವರು ತೂಕದ ಸಾಹೇಬರೆಂದು ಕರೆಯುತ್ತಿದ್ದ ಇವರಿಗೆ ತರಕಾರಿಯವನು ನಾಲ್ಕು ಕಾಯಿ ಕೊಸರು ಹಾಕಿದರೂ ಹುಬ್ಬು ಗಂಟಾಗುತ್ತಿತ್ತು. ಉಸಿರಿನ ಸೋಂಕು ಹಬ್ಬಿ ಜನ ಗಾಳಿಯನ್ನೇ ನಂಬದಂತಾದಾಗ, ಊರು ತಡವಾಗಿಯಾದರೂ ತಮ್ಮ ದಾರಿಗೆ ಬಂತೆಂದು ಅವರಿಗೆ ಒಳಗೊಳಗೇ ಸಮಾಧಾನ.

ಆ ಸಮಾಧಾನ ಉಳಿಯಲಿಲ್ಲ. ಸೋಂಕು ಹೆಂಡತಿಗೇ ತಗುಲಿತು. ಹದಿನೈದು ದಿನಕ್ಕೆ ಜ್ವರ ಬಿಟ್ಟಾಗ ಆಕೆ ಕಡ್ಡಿಯಾಗಿದ್ದರು. ಡಾಕ್ಟರು ಫೋನಿನಲ್ಲೇ ಹೇಳಿದರು: "ಮೊಟ್ಟೆ, ಬೇಳೆ, ಹಾಲು, ಹಣ್ಣು, ಏನು ಸೇರುತ್ತೋ ಕೊಡಿ. ದಿನಾ ತೂಕ ನೋಡಿ. ನಲವತ್ತೆರಡು ಕೆಜಿಗಿಂತ ಕೆಳಗೆ ಇಳಿದ್ರೆ ಆಸ್ಪತ್ರೆಗೆ ಸೇರಿಸಲೇಬೇಕು."

"ಅಲ್ಲಿ ಮನೆಯವರನ್ನ ಒಳಗೆ ಬಿಡಲ್ವಂತೆ ರೀ," ಎಂದರು ಹೆಂಡತಿ. ಒಂದೇ ಸಲ. ಮತ್ತೆ ಆ ಮಾತೆತ್ತಲಿಲ್ಲ.

ಸಾಹೇಬರು ಅಡುಗೆಮನೆಯ ಅಧಿಕಾರ ವಹಿಸಿಕೊಂಡರು. ಪ್ರತಿ ಮೊಟ್ಟೆಯನ್ನೂ ನೀರಿಗೆ ಬಿಟ್ಟು, ಮುಳುಗಿದರೆ ಮಾತ್ರ ಬೇಯಿಸಿದರು. ನೀರು ಬೆರೆತಿದೆಯೇ ಎಂದು ಹಾಲಿನ ಹನಿಯನ್ನು ನುಣುಪು ಕಲ್ಲಿನ ಮೇಲೆ ಜಾರಿಸಿ ನೋಡಿದರು. ಪಕ್ಕದ ಮನೆಯ ಲೆಕ್ಕದ ಮೇಷ್ಟ್ರು ಕಾಂಪೌಂಡಿನಾಚೆಯಿಂದ ಕೂಗಿದರು:

"ಸಾಹೇಬ್ರೇ, ಬೆಳ್ಳುಳ್ಳಿ ಅರೆದು ಕುಡಿಸಿ. ವೈರಸ್ಸು ಓಡಿಹೋಗುತ್ತೆ!"

"ನೀವು ಕುಡಿದ್ರಾ?"

"ಛೇ, ನನಗೆ ಅದರ ವಾಸನೆ ಆಗಲ್ಲ."

ದಿನಾ ಬೆಳಿಗ್ಗೆ ತೂಕ. ಮೊದಲ ದಿನ ನಲವತ್ತಮೂರು. ಮೂರನೆಯ ದಿನ ನಲವತ್ತೆರಡೂಕಾಲು. ನಾಲ್ಕನೆಯ ದಿನ, ಎಂದಿನಂತೆಯೇ ಸ್ವೆಟರ್ ತೊಟ್ಟು, ಶಾಲು ಹೊದ್ದು ಮಷೀನು ಹತ್ತಿದ ಹೆಂಡತಿ ತೂಗಿದ್ದು ನಲವತ್ತಮೂರಕ್ಕೂ ನೂರು ಗ್ರಾಂ ಜಾಸ್ತಿ.

ಬೇರೆ ಗಂಡನಾಗಿದ್ದರೆ ಕುಣಿದಾಡುತ್ತಿದ್ದ. ಇವರು ಮಷೀನನ್ನು ದುರುಗುಟ್ಟಿ ನೋಡಿದರು. ಮೂರು ಚಮಚ ಬೇಳೆಗೆ ಮುಕ್ಕಾಲು ಕೆಜಿಗೂ ಮೇಲೆ? ಇದು ಸುಳ್ಳು ಹೇಳುತ್ತಿದೆ. ಅದನ್ನು ಪರೀಕ್ಷಿಸಲು, ನಿವೃತ್ತಿಯ ದಿನ ಕಚೇರಿಯವರು ನೆನಪಿಗೆಂದು ಕೊಟ್ಟಿದ್ದ, ಸರಕಾರಿ ಮುದ್ರೆಯ ತೂಕದ ಬಟ್ಟುಗಳ ಪೆಟ್ಟಿಗೆಯನ್ನು ಎಳೆದು ತೆರೆದರು. ಅರ್ಧ ಕೆಜಿಯ ಎರಡೂ ಗುಳಿ ಖಾಲಿ!

"ಕಳ್ಳತನ!" ಹೆಂಡತಿಯ ಕೋಣೆಗೆ ನುಗ್ಗಿದರು. "ನಿನ್ನೆ ಆ ಮೇಷ್ಟ್ರು ನಿಂಬೆಹಣ್ಣು ಕೊಡೋ ನೆಪದಲ್ಲಿ ಕಿಟಕಿ ಹತ್ರ ಬಂದಿದ್ದ. ಆಗಲೇ ಅಂದ್ಕೊಂಡೆ!"

"ಪಾಪ, ಅವರನ್ಯಾಕೆ ಅಂತೀರ?" ಆಕೆ ಸ್ವೆಟರಿನ ಎಡಜೇಬಿನಿಂದ ಒಂದು, ಬಲಜೇಬಿನಿಂದ ಒಂದು ಬಟ್ಟು ತೆಗೆದು ಮಂಚದ ಮೇಲಿಟ್ಟರು.

ಸಾಹೇಬರು ಕುರ್ಚಿಗೆ ಕುಸಿದರು. ತಟ್ಟೆಯಡಿ ಮೇಣ ಮೆತ್ತಿದವರನ್ನು, ಬಟ್ಟು ಕೊರೆದವರನ್ನು ಹಿಡಿದಿದ್ದ ಕಣ್ಣು. ಆದರೆ ಸೇವೆಯುದ್ದಕ್ಕೂ ನೋಡಿದ್ದು ತಕ್ಕಡಿಯನ್ನು. ತಟ್ಟೆಯ ಮೇಲೆ ಕೂತದ್ದನ್ನು ತಡವಿ ನೋಡುವುದು ಅವರ ಕೆಲಸದಲ್ಲಿ ಇರಲೇ ಇಲ್ಲ. ಒಂದು ಕೆಜಿ ಕಳೆದರೆ, ನಲವತ್ತೆರಡರ ಗೆರೆಗೆ ಇನ್ನು ನೂರೇ ಗ್ರಾಂ.

"ಯಾಕೆ ಹೀಗೆ ಮಾಡ್ದೆ?"

"ಆಸ್ಪತ್ರೆಗೆ ಹಾಕಿಬಿಡ್ತೀರ."

"ಊಟ ಮಾಡಿದ್ರೆ ಯಾಕೆ ಹಾಕ್ತೀನಿ?"

"ಆಗಲ್ಲ ರೀ. ಮೊಟ್ಟೆ ಬಾಯಿ ಹತ್ರ ತಂದ್ರೆ ಟೈರು ಸುಟ್ಟ ವಾಸನೆ. ಬೇಳೆಯಂತೂ ಚರಂಡಿ."

"ನನ್ನ ಅಡುಗೆ ಅಷ್ಟು ಕೆಟ್ಟದಾ?"

"ಮೊದಲೂ ಚೆನ್ನಾಗಿರ್ಲಿಲ್ಲ ಬಿಡಿ. ಇದು ಬೇರೆ."

ಡಾಕ್ಟರಿಗೆ ಫೋನು ಹೋಯಿತು. ಈ ಜ್ವರ ಬಿಟ್ಟಮೇಲೆ ಕೆಲವರ ಮೂಗು ಹೀಗೇ ಎಡವಟ್ಟಾಗುತ್ತದೆ. ಬಿಸಿಯಾದದ್ದಕ್ಕೆ ವಾಸನೆ ಹೆಚ್ಚು, ತಣ್ಣಗಿನದು ಕೊಟ್ಟು ನೋಡಿ, ಎರಡು ದಿನ ಕಾಯೋಣ, ಅಷ್ಟರಲ್ಲಿ ಗೆರೆ ದಾಟಿದರೆ ಮಾತ್ರ ತಡಮಾಡಬೇಡಿ ಎಂದರು.

ಸಾಹೇಬರು ಆರು ಬಟ್ಟಲು ಜೋಡಿಸಿದರು. ತಣ್ಣನೆಯ ಆಲೂಗಡ್ಡೆ, ಸೌತೆಕಾಯಿ, ಸೇಬು, ಹಾಲಿನಲ್ಲಿ ನೆನೆದ ಬ್ರೆಡ್ಡು, ನೆಲಗಡಲೆ. ಆಕೆ ಒಂದೊಂದನ್ನೇ ಮೂಸಿ ಪಕ್ಕಕ್ಕೆ ಸರಿಸಿದರು. ಆರನೆಯದು ಮೊಸರಿನಲ್ಲಿ ಕಿವುಚಿದ ಬಾಳೆಹಣ್ಣು. ಎರಡು ಸಲ ಮೂಸಿದರು.

"ಇದೇನೂ ನಾರ್ತಿಲ್ಲ."

"ತಿನ್ನು ಮತ್ತೆ!"

"ಹಾಗೆ ಅಂಗಡಿಯವನನ್ನ ನೋಡ್ದಂಗೆ ನೋಡ್ತಾ ಕೂತ್ರೆ ಗಂಟಲಲ್ಲಿ ಇಳಿಯಲ್ಲ. ಆ ಕಡೆ ತಿರುಗಿ."

ತಿರುಗಿದರು. ಎದುರಿಗೆ ಬರೀ ಗೋಡೆ. ಹಿಂದೆ ಚಮಚ ಬಟ್ಟಲಿಗೆ ತಾಗಿದ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೊಮ್ಮೆ ಸದ್ದು. ಸುಮ್ಮನೆ ಚಮಚ ಬಡಿಯುತ್ತಿದ್ದಾಳೆಯೇ ಎಂಬ ಅನುಮಾನ ಎದೆಯಿಂದೆದ್ದು ಕತ್ತಿನವರೆಗೂ ಬಂತು. ಸಾಹೇಬರು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು, ಕತ್ತು ತಿರುಗಿಸಲಿಲ್ಲ.